ವಿಶ್ವವಿದ್ಯಾಲಯದ ಹಳೆಯ ಫೋಟೊಗಳು ಮತ್ತು ಚಿಲ್ಲರೆ ಕಾಗದಗಳು: ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮೂರನೆಯ ಕಪಾಟು

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಪುಸ್ತಕಗಳ ವರ್ಗೀಕರಣ ಗೊತ್ತು, ಪತ್ರಾಗಾರದ ಕೆಲಸ ಗೊತ್ತಿಲ್ಲ. ಹಾಗಾಗಿ ಪ್ರಶ್ನೆ ಸ್ವಲ್ಪ ಉದ್ದವಾಗಿದ್ದರೆ ಮನ್ನಿಸಬೇಕು.

ಹಳೆಯ ಆಡಳಿತ ಕಟ್ಟಡವನ್ನು ದುರಸ್ತಿಗೆಂದು ಖಾಲಿ ಮಾಡುವಾಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾಲ್ಕು ಟ್ರಂಕುಗಳು ಸಿಕ್ಕಿದವು. ಒಂದರಲ್ಲಿ ರಟ್ಟಿಗೆ ಅಂಟಿಸಿದ ಗುಂಪು ಫೋಟೊಗಳು ಮತ್ತು ಮೂರು ಆಲ್ಬಮ್‌ಗಳಿವೆ. ಎರಡನೆಯದರಲ್ಲಿ ಮರದ ಪೆಟ್ಟಿಗೆಗಳಲ್ಲಿಟ್ಟ ಸುಮಾರು ಅರವತ್ತು ಗಾಜಿನ ನೆಗೆಟಿವ್‌ಗಳಿವೆ, ಅವುಗಳ ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಒಂದು ಕಟ್ಟು ಇದೆ. ಮೂರನೆಯದರಲ್ಲಿ ಫಿಲ್ಮ್ ನೆಗೆಟಿವ್‌ಗಳು. ನಾಲ್ಕನೆಯದರ ತುಂಬ ಘಟಿಕೋತ್ಸವದ ಆಹ್ವಾನ ಪತ್ರಿಕೆಗಳು, ನಾಟಕದ ಕರಪತ್ರಗಳು, ವಿದ್ಯಾರ್ಥಿ ಸಂಘದ ಚುನಾವಣೆಯ ಸೈಕ್ಲೋಸ್ಟೈಲ್ ಹಾಳೆಗಳು, ಪ್ರವೇಶಪತ್ರಗಳು, ವಿದ್ಯಾರ್ಥಿನಿಲಯದ ಸೂಚನೆಗಳು, ವೃತ್ತಪತ್ರಿಕೆಯ ತುಣುಕುಗಳು ಮತ್ತು ಮಡಚಿಟ್ಟ ನೀಲಿ ನಕ್ಷೆಗಳು.

ಚೆನ್ನಾಗಿರುವ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ ಸಭಾಂಗಣದಲ್ಲಿ ತೂಗುಹಾಕೋಣ, ಉಳಿದದ್ದನ್ನು ರದ್ದಿಗೆ ಹಾಕೋಣ ಎಂಬುದು ಮೇಲಿನವರ ಸಲಹೆ. ವಾರ್ಷಿಕೋತ್ಸವಕ್ಕೆ ಆರು ತಿಂಗಳಿರುವುದರಿಂದ ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಆ ರದ್ದಿಯಲ್ಲಿಯೇ ಏನೋ ಇದೆ ಎಂದು ಮನಸ್ಸು ಹೇಳುತ್ತಿದೆ, ಏನಿದೆ ಎಂದು ವಾದಿಸಿ ಹೇಳಲು ನನಗೆ ಬರುತ್ತಿಲ್ಲ. ಆಲ್ಬಮ್‌ಗಳಿಂದ ಫೋಟೊಗಳನ್ನು ಬಿಡಿಸಿ ವಿಷಯವಾರು ಜೋಡಿಸಬೇಕೇ? ಫೋಟೊಗಳ ಹಿಂಬದಿಯಲ್ಲಿ ಹೆಸರು ಬರೆಯಬಹುದೇ? ಮೂರನೆಯ ಟ್ರಂಕನ್ನು ತೆರೆದರೆ ವಿನೆಗರ್‌ನ ವಾಸನೆ ಮೂಗಿಗೆ ಹೊಡೆಯುತ್ತದೆ, ಅದು ಸಹಜವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೇ ದಫ್ತರ

ಮೊದಲನೆಯ ಮಾತು: ಯಾವುದನ್ನೂ ಇದ್ದ ಜಾಗದಿಂದ ಎತ್ತಬೇಡಿ. ಪ್ರತಿ ಟ್ರಂಕನ್ನು ಮುಚ್ಚಿದ ಸ್ಥಿತಿಯಲ್ಲಿ, ತೆರೆದ ಸ್ಥಿತಿಯಲ್ಲಿ, ಒಂದೊಂದು ಪದರ ತೆಗೆದಂತೆಲ್ಲ ಮೊಬೈಲಿನಲ್ಲಿಯೇ ಫೋಟೊ ತೆಗೆದುಕೊಳ್ಳಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಅವು ಎಲ್ಲಿ, ಯಾವ ದಿನ, ಯಾರ ಎದುರಿಗೆ ಸಿಕ್ಕವು, ಆ ಕೋಣೆ ಹಿಂದೆ ಯಾವ ವಿಭಾಗದ ವಶದಲ್ಲಿತ್ತು ಎಂಬುದನ್ನು ಬರೆದಿಡಿ. ಇದು ಕಚೇರಿಯ ಶಿಸ್ತಿಗಾಗಿ ಮಾಡುವ ಕೆಲಸವಲ್ಲ. ಕಾಗದಗಳನ್ನು ಅವು ಹುಟ್ಟಿದ ಕಚೇರಿಯ ಗುಂಪಾಗಿಯೇ ಇಡಬೇಕು, ವಿಷಯವಾರು ಕಲಸಬಾರದು ಎಂಬ ನಿಯಮವನ್ನು ಫ್ರಾನ್ಸಿನ ಸರ್ಕಾರಿ ಸುತ್ತೋಲೆಯೊಂದು 1841ರಲ್ಲಿಯೇ ಹೇಳಿತ್ತು, ಇಂದಿಗೂ ಪತ್ರಾಗಾರಗಳು ನಿಂತಿರುವುದು ಆ ನೆಲೆಗಟ್ಟಿನ ಮೇಲೆಯೇ. ಗ್ರಂಥಾಲಯದಿಂದ ಬಂದವರಿಗೆ ಇದು ಮೊದಮೊದಲು ಒಗ್ಗುವುದಿಲ್ಲ. ಪುಸ್ತಕವನ್ನು ಯಾವ ಕಪಾಟಿಗೆ ಹಾಕಿದರೂ ಅದರ ಅರ್ಥ ಅದರೊಳಗೇ ಇರುತ್ತದೆ, ಬಿಡಿ ಫೋಟೊಗೆ ಆ ಸೌಕರ್ಯವಿಲ್ಲ. ಪಕ್ಕದಲ್ಲಿ ಏನಿತ್ತು, ಹಿಂದಿನ ಪುಟದಲ್ಲಿ ಯಾರಿದ್ದರು ಎಂಬುದೇ ಎಷ್ಟೋ ಸಲ ಅದಕ್ಕಿರುವ ಏಕೈಕ ವಿಳಾಸವಾಗಿರುತ್ತದೆ.

ಆದ್ದರಿಂದ ಆಲ್ಬಮ್‌ಗಳನ್ನು ಬಿಡಿಸಬೇಡಿ. ಆಲ್ಬಮ್ ಎಂದರೆ ಯಾರೋ ಒಬ್ಬರು ಯೋಚಿಸಿ ಹೆಣೆದ ಒಂದು ಕಥನ. ಗಾಜಿನ ನೆಗೆಟಿವ್‌ಗಳ ಪಕ್ಕದಲ್ಲಿರುವ ರಸೀದಿಗಳ ಕಟ್ಟನ್ನಂತೂ ನಾಲ್ಕನೆಯ ಟ್ರಂಕಿನ ಕಾಗದಗಳೊಂದಿಗೆ ಬೆರೆಸಲೇಬೇಡಿ. ಅದು ಅಲ್ಲಿಯೇ ಇದ್ದುದಕ್ಕೆ ಕಾರಣವಿದ್ದೇ ಇರುತ್ತದೆ. ರಬ್ಬರ್ ಬ್ಯಾಂಡನ್ನು ಮಾತ್ರ ತೆಗೆದು ಹತ್ತಿಯ ಪಟ್ಟಿ ಕಟ್ಟಿ, ಏಕೆಂದರೆ ರಬ್ಬರಿನಲ್ಲಿರುವ ಗಂಧಕ ಫೋಟೊದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ತುಕ್ಕು ಹಿಡಿದ ಪಿನ್ನು, ಜೆಮ್ ಕ್ಲಿಪ್‌ಗಳನ್ನೂ ನಿಧಾನವಾಗಿ ಬಿಡಿಸಬಹುದು, ಆದರೆ ಯಾವ ಹಾಳೆ ಯಾವ ಹಾಳೆಯೊಂದಿಗೆ ಸೇರಿತ್ತು ಎಂಬುದು ತಿಳಿಯುವಂತೆ ಅವನ್ನು ಒಂದೇ ಮಡಿಕೆಯಲ್ಲಿಡಿ.

ಇನ್ನು ‘ರದ್ದಿ’ಯ ವಿಚಾರ. ಒಂದು ದಿನದ ಕೆಲಸಕ್ಕೆಂದು ಅಚ್ಚಾಗಿ ಆಮೇಲೆ ಕಸವಾಗಬೇಕಾದ ಕಾಗದಗಳನ್ನು ಎಫಿಮೆರಾ ಎನ್ನುತ್ತಾರೆ. ‘ಒಂದು ದಿನ ಬಾಳುವಂಥದು’ ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದ ಮುಖ್ಯಸ್ಥರಾಗಿದ್ದ ಜಾನ್ ಜಾನ್ಸನ್ ಅವರು ಇಂಥ ಜಾಹೀರಾತು, ಟಿಕೆಟ್, ಕರಪತ್ರ, ಲೇಬಲ್‌ಗಳನ್ನೇ ಜೀವನಪರ್ಯಂತ ಕೂಡಿಟ್ಟರು. 1968ರಲ್ಲಿ ಆ ಸಂಗ್ರಹ ಅದೇ ವಿಶ್ವವಿದ್ಯಾಲಯದ ಬೋಡ್ಲಿಯನ್ ಗ್ರಂಥಾಲಯಕ್ಕೆ ಸೇರಿತು, ಈಗ ಮುದ್ರಣದ ಮತ್ತು ದಿನನಿತ್ಯದ ಬದುಕಿನ ಚರಿತ್ರೆಯನ್ನು ಬರೆಯುವವರು ಅದನ್ನು ಹುಡುಕಿಕೊಂಡು ಬರುತ್ತಾರೆ. ವಿಶ್ವವಿದ್ಯಾಲಯದ ವಾರ್ಷಿಕ ವರದಿ ಆಡಳಿತ ಏನು ಹೇಳಿಕೊಳ್ಳಬಯಸಿತ್ತು ಎಂಬುದನ್ನಷ್ಟೇ ಹೇಳುತ್ತದೆ. ವಿದ್ಯಾರ್ಥಿನಿಲಯದಲ್ಲಿ ದೀಪ ಆರಿಸುವ ವೇಳೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಮಾಡಿದ ನಿಯಮ, ಸೋತ ಅಭ್ಯರ್ಥಿಯ ಬೇಡಿಕೆಗಳು, ರದ್ದಾದ ನಾಟಕದ ಹೆಸರು, ಇವೆಲ್ಲ ಸಿಗುವುದು ಈ ಚಿಲ್ಲರೆ ಕಾಗದಗಳಲ್ಲಿ ಮಾತ್ರ. ನಾಟಕದ ಕರಪತ್ರದ ಅಥವಾ ಸ್ಮರಣ ಸಂಚಿಕೆಯ ಹಿಂಬದಿಯಲ್ಲಿರುವ ಜಾಹೀರಾತುಗಳನ್ನು ನೋಡಿ: ಆ ಊರಿನ ಅಂಗಡಿಗಳ ಹೆಸರು, ಬೀದಿಯ ಹಳೆಯ ಹೆಸರು, ಮೂರೇ ಅಂಕಿಯ ದೂರವಾಣಿ ಸಂಖ್ಯೆ. ವಿಶ್ವವಿದ್ಯಾಲಯದ ಚರಿತ್ರೆಯೂ ಊರಿನ ಚರಿತ್ರೆಯೂ ಒಂದೇ ಹಾಳೆಯ ಎರಡು ಮುಖಗಳಲ್ಲಿ ಅಚ್ಚಾಗಿರುತ್ತವೆ.

ಎಲ್ಲವನ್ನೂ ಉಳಿಸಬೇಕೆಂದು ಹೇಳುತ್ತಿಲ್ಲ. ಒಂದೇ ಆಹ್ವಾನ ಪತ್ರಿಕೆಯ ಇನ್ನೂರು ಪ್ರತಿಗಳಿದ್ದರೆ ಮೂರನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಬಹುದು. ಆದರೆ ತೆಗೆಯುವ ಮೊದಲು ಎಲ್ಲ ಪ್ರತಿಗಳನ್ನೂ ತಿರುಗಿಸಿ ನೋಡಿ, ಯಾವುದಾದರೂ ಒಂದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಏನನ್ನೋ ಬರೆದಿರುತ್ತಾರೆ. ಏನನ್ನು, ಯಾವ ಕಾರಣಕ್ಕೆ ತೆಗೆದಿರಿ ಎಂಬುದನ್ನೂ ದಾಖಲಿಸಿ.

ಉತ್ತರ 2: ಕಪ್ಪು ಬಿಳುಪು

ವಿನೆಗರ್ ವಾಸನೆ ಸಹಜವಲ್ಲ, ಅದಕ್ಕೇ ಮೊದಲು ಬರುತ್ತೇನೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಶಾಖ ಮತ್ತು ತೇವದಿಂದ ಒಡೆಯುತ್ತ ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರ್‌ನಲ್ಲಿರುವ ಆಮ್ಲವನ್ನೇ, ಬಿಡುಗಡೆ ಮಾಡುತ್ತದೆ. ಆ ಆಮ್ಲವೇ ಒಡೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ ಒಂದು ಸುರುಳಿಗೆ ಬಂದ ರೋಗ ಮುಚ್ಚಿದ ಟ್ರಂಕಿನಲ್ಲಿ ಪಕ್ಕದವಕ್ಕೂ ಹಬ್ಬುತ್ತದೆ. ಫಿಲ್ಮ್ ಕುಗ್ಗುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ, ಕೊನೆಗೆ ಚಿತ್ರವಿರುವ ಪದರ ಗೀರುಗೀರಾಗಿ ಏಳುತ್ತದೆ. ವಾಸನೆ ಬರುತ್ತಿರುವ ನೆಗೆಟಿವ್‌ಗಳನ್ನು ಇಂದೇ ಬೇರೆ ಮಾಡಿ, ಗಾಳಿಯಾಡುವ ಕೋಣೆಯಲ್ಲಿಡಿ. ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ರೋಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ರೂಪಿಸಿದ ಎ-ಡಿ ಪಟ್ಟಿಗಳಿವೆ. ಡಬ್ಬಿಯೊಳಗೆ ಇಟ್ಟರೆ ಆಮ್ಲದ ಪ್ರಮಾಣಕ್ಕೆ ತಕ್ಕಂತೆ ಅವು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತವೆ. ಇದಕ್ಕೆ ಔಷಧಿಯಿಲ್ಲ, ತಂಪಿನಲ್ಲಿಟ್ಟು ವೇಗವನ್ನು ತಗ್ಗಿಸಬಹುದು, ಅಷ್ಟರಲ್ಲಿ ಸ್ಕ್ಯಾನ್ ಮಾಡಿಕೊಳ್ಳಬಹುದು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 1950ರ ದಶಕದ ಆರಂಭದವರೆಗೂ ನೈಟ್ರೇಟ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಫಿಲ್ಮ್ ಬಳಕೆಯಲ್ಲಿತ್ತು. ಅದು ಬಹು ಬೇಗ ಹೊತ್ತಿಕೊಳ್ಳುತ್ತದೆ, ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರೊಳಗೂ ಉರಿಯಬಲ್ಲದು. ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಹಾಗೆ ಇಲ್ಲದೆ ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿರುವ ಹಳೆಯ ಫಿಲ್ಮ್ ಕಂಡರೆ ಅದನ್ನು ಬಿಸಿಲು, ದೀಪ, ಸ್ಕ್ಯಾನರ್‌ಗಳಿಂದ ದೂರವಿಟ್ಟು ಬಲ್ಲವರನ್ನೂ ಅಗ್ನಿಶಾಮಕದವರನ್ನೂ ಕೇಳಿಯೇ ಮುಂದುವರಿಯಿರಿ. ಬೆಂಕಿ ಹಚ್ಚಿ ಪರೀಕ್ಷಿಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ, ಅದನ್ನು ಮಾಡಲೇಬೇಡಿ.

ಗಾಜಿನ ಪ್ಲೇಟುಗಳಿಗೆ ಎರಡು ಮುಖಗಳಿವೆ: ಹೊಳೆಯುವುದು ಬರಿಯ ಗಾಜು, ಮಂಕಾಗಿರುವುದು ಚಿತ್ರ. ಮಂಕಾದ ಮುಖವನ್ನು ಮುಟ್ಟಬಾರದು, ಒದ್ದೆ ಬಟ್ಟೆಯಿಂದಂತೂ ಒರೆಸಲೇಬಾರದು. ಅಂಚು ಹಿಡಿದು ಎತ್ತಿ, ಒಂದೊಂದನ್ನೂ ನಾಲ್ಕು ಮಡಿಕೆಯ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಭಾರಕ್ಕೆ ಸೀಳುತ್ತದೆ. ಈಗಾಗಲೇ ಒಡೆದಿರುವುದನ್ನು ಮಾತ್ರ ರಟ್ಟಿನ ಮೇಲೆ ಮಲಗಿಸಿಡಿ, ಟೇಪು ಹಚ್ಚಬೇಡಿ. ಟೇಪಿನ ಅಂಟಿನಿಂದ ಹಾಳಾದ ಫೋಟೊಗಳನ್ನು ನೋಡಿ ನೋಡಿ ನನಗೆ ಆ ವಸ್ತುವಿನ ಮೇಲೆಯೇ ಸಿಟ್ಟು ಬಂದಿದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಒಮ್ಮೆ ಮಾಡಿದರೆ ಮರಳಿ ಬಿಡಿಸಲಾಗದು.

ಹಿಂಬದಿಯಲ್ಲಿ ಬರೆಯುವ ಬಗ್ಗೆ ಕೇಳಿದ್ದೀರಿ. ನಾರಿನ ಕಾಗದದ ಹಳೆಯ ಫೋಟೊಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನ ಬಳಿ, ಒತ್ತದೆ, ಸಂಖ್ಯೆಯೊಂದನ್ನು ಮಾತ್ರ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಇಳಿಯುತ್ತದೆ, ಒತ್ತು ಮುಂಭಾಗಕ್ಕೆ ಮೂಡುತ್ತದೆ. 1970ರ ದಶಕದಿಂದೀಚೆಗೆ ಹೆಚ್ಚಾಗಿ ಬಂದ ಪ್ಲಾಸ್ಟಿಕ್ ಲೇಪಿತ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಅವಕ್ಕೆ ಹೊದಿಕೆಯ ಮೇಲೆ ಬರೆದರೆ ಸಾಕು. ಹೊದಿಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ, ಪಿವಿಸಿ ಬೇಡ.

ನೀಲಿ ನಕ್ಷೆಗಳ ವಿಷಯದಲ್ಲಿ ಒಂದು ವಿಚಿತ್ರವಿದೆ. ಬೇರೆ ಕಾಗದಗಳಿಗೆ ಒಳ್ಳೆಯದೆಂದು ನಾವು ಕೊಳ್ಳುವ, ಕ್ಷಾರ ಬೆರೆಸಿದ ಆಮ್ಲರಹಿತ ಕಾಗದ ಇವಕ್ಕೆ ಹಾನಿಕರ, ಏಕೆಂದರೆ ಆ ನೀಲಿಬಣ್ಣ ಕ್ಷಾರಕ್ಕೆ ಸಿಕ್ಕಿದರೆ ಮಾಸುತ್ತದೆ. ಕ್ಷಾರ ಬೆರೆಸದ ಕಾಗದವನ್ನೇ ಕೇಳಿ ಪಡೆಯಿರಿ. ವೃತ್ತಪತ್ರಿಕೆಯ ತುಣುಕುಗಳನ್ನು ಬೇರೆಯಾಗಿಡಿ, ಅವುಗಳ ಆಮ್ಲ ಪಕ್ಕದ ಹಾಳೆಯ ಮೇಲೆ ಕಂದು ನೆರಳಾಗಿ ಇಳಿಯುತ್ತದೆ. ಕೋಣೆಯ ಸಾಪೇಕ್ಷ ತೇವಾಂಶ ಶೇ. 30ರಿಂದ 50ರೊಳಗೆ, ಏರಿಳಿತವಿಲ್ಲದೆ ಇರಲಿ. ಶೇ. 65 ದಾಟಿದರೆ ಬೂಷ್ಟು ಬರುತ್ತದೆ. ಮೆಟ್ಟಿಲ ಕೆಳಗಿನ ಕೋಣೆಗೆ ಮಾತ್ರ ಅವನ್ನು ಮರಳಿ ಕಳಿಸಬೇಡಿ.

ಮೂರನೆಯ ಕಪಾಟು (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಕೃತಜ್ಞತೆಗಳು. ಫಿಲ್ಮ್‌ಗಳನ್ನು ಬೇರೆ ಕೋಣೆಗೆ ಸಾಗಿಸಿದ್ದೇನೆ. ಪರೀಕ್ಷಿಸಿದಷ್ಟರಲ್ಲಿ ಎಲ್ಲದರ ಅಂಚಿನಲ್ಲಿಯೂ ‘ಸೇಫ್ಟಿ’ ಎಂದಿದೆ. ರದ್ದಿಯ ಮಾತನ್ನು ಸದ್ಯಕ್ಕೆ ತಡೆಹಿಡಿಯಲು ಒಪ್ಪಿಸಿದ್ದೇನೆ, ಸ್ಮರಣ ಸಂಚಿಕೆಯ ಜಾಹೀರಾತುಗಳನ್ನು ತೋರಿಸಿದಾಗ ಅವರೇ ಅರ್ಧ ಗಂಟೆ ಕುಳಿತು ಓದಿದರು.

ಈಗ ಎದುರಾಗಿರುವುದು ಹೆಸರುಗಳ ಸಮಸ್ಯೆ. ಗುಂಪು ಫೋಟೊಗಳಲ್ಲಿ ಅರ್ಧಕ್ಕರ್ಧ ಕೆಳಗೆ ಏನೂ ಬರೆದಿಲ್ಲ. ಹಿರಿಯ ವಿದ್ಯಾರ್ಥಿಗಳನ್ನು ಕರೆಸಿ ಕೇಳೋಣವೆಂದಿದ್ದೇನೆ, ಹೇಗೆ ನಡೆಸಬೇಕು? ಜೊತೆಗೆ, ಒಂದು ಮೀಟರಿಗಿಂತ ಉದ್ದವಾದ, ಗಟ್ಟಿಯಾಗಿ ಸುರುಳಿ ಸುತ್ತಿಕೊಂಡಿರುವ ಒಂದು ಫೋಟೊ ಸಿಕ್ಕಿದೆ. ಬಿಚ್ಚಲು ಹೋದರೆ ಚಟಪಟ ಸದ್ದಾಗುತ್ತದೆ.

ಉತ್ತರ 3: ಎಡದಿಂದ ಬಲಕ್ಕೆ

ಸದ್ದಾದರೆ ಅಲ್ಲಿಗೇ ನಿಲ್ಲಿಸಿ. ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರ ಒಣಗಿ ಒಡೆಯುವ ಸದ್ದು ಅದು. ನಿಯಂತ್ರಿತ ತೇವದಲ್ಲಿಟ್ಟು ನಿಧಾನವಾಗಿ ಬಿಡಿಸುವುದು ಸಂರಕ್ಷಣಾ ತಜ್ಞರ ಕೆಲಸ. ಅದು ಬಹುಶಃ ತಿರುಗುವ ಕ್ಯಾಮೆರಾದಲ್ಲಿ ತೆಗೆದ ವಿಶಾಲ ಗುಂಪು ಫೋಟೊ ಇರಬೇಕು. ಸರ್ಕಟ್ ಎಂಬ ಅಂಥ ಕ್ಯಾಮೆರಾ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದು ಶಾಲೆ, ಕಾಲೇಜು, ಸೈನಿಕ ತುಕಡಿಗಳ ಫೋಟೊಗಳಿಗೆ ಬಹಳ ಬಳಕೆಯಾಯಿತು. ಕ್ಯಾಮೆರಾ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗುವಷ್ಟರಲ್ಲಿ ಹಿಂದಿನಿಂದ ಓಡಿಹೋಗಿ ಎರಡೂ ತುದಿಗಳಲ್ಲಿ ಕಾಣಿಸಿಕೊಳ್ಳುವುದು ತುಂಟ ಹುಡುಗರ ಹಳೆಯ ಆಟ. ಹಾಗಾಗಿ ಬಿಡಿಸಿದ ಮೇಲೆ ಎರಡು ತುದಿಗಳ ಮುಖಗಳನ್ನು ಹೋಲಿಸಿ ನೋಡಿ, ಹೆಸರಿನ ಪಟ್ಟಿಯಲ್ಲಿ ಒಬ್ಬರು ಹೆಚ್ಚಾಗಿಬಿಟ್ಟಾರು.

ಹೆಸರು ಗುರುತಿಸುವ ಕೆಲಸ ಮಾತ್ರ ತಡೆಯುವಂಥದ್ದಲ್ಲ. ತೇವವನ್ನು ನಿಯಂತ್ರಿಸಿದರೆ ಕಾಗದ ಹತ್ತು ವರ್ಷ ಕಾಯುತ್ತದೆ, ಎಂಬತ್ತೈದು ವರ್ಷದ ಹಿರಿಯರ ನೆನಪು ಕಾಯುವುದಿಲ್ಲ. ನನ್ನ ಅನುಭವದಲ್ಲಿ ಮೂಲ ಫೋಟೊವನ್ನು ಎಂದೂ ಅವರ ಕೈಗೆ ಕೊಡಬಾರದು. ದೊಡ್ಡದಾಗಿ ಮುದ್ರಿಸಿದ ಪ್ರತಿಯ ಮೇಲೆ ಪಾರದರ್ಶಕ ಹಾಳೆ ಹಾಸಿ ಪ್ರತಿ ಮುಖಕ್ಕೂ ಒಂದು ಸಂಖ್ಯೆ ಕೊಟ್ಟರೆ, ‘ಆ ಮೀಸೆಯವರ ಪಕ್ಕದವರು’ ಎಂಬ ಗೊಂದಲ ತಪ್ಪುತ್ತದೆ. ‘ಎಡದಿಂದ ಬಲಕ್ಕೆ’ ಎಂಬ ಶೀರ್ಷಿಕೆಯನ್ನೂ ಕಣ್ಣುಮುಚ್ಚಿ ನಂಬಬೇಡಿ, ಪಟ್ಟಿಯನ್ನು ಮೊದಲೇ ಟೈಪು ಮಾಡಿ ಕೊನೆಗಳಿಗೆಯಲ್ಲಿ ಯಾರೋ ಕುರ್ಚಿ ಬದಲಿಸಿದ ಉದಾಹರಣೆಗಳನ್ನು ಕಂಡಿದ್ದೇನೆ. ಮೊದಲು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಮೊದಲೇ ಒಟ್ಟಿಗೆ ಕೂರಿಸಿದರೆ ದನಿ ದೊಡ್ಡದಿರುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಯಾರು, ಯಾವ ದಿನ, ಎಷ್ಟು ಖಚಿತವಾಗಿ ಗುರುತಿಸಿದರು ಎಂಬುದನ್ನು ಹೆಸರಿನೊಂದಿಗೇ ಬರೆಯಿರಿ, ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ. ಹಿಂದಿನ ಸಾಲಿನಲ್ಲಿ ನಿಂತಿರುವ ಜವಾನರು, ಪ್ರಯೋಗಾಲಯದ ಸಹಾಯಕರು, ಅಡುಗೆಯವರ ಹೆಸರನ್ನು ವಿಶೇಷವಾಗಿ ಕೇಳಿ. ಕುಲಪತಿಗಳ ಹೆಸರು ಎಲ್ಲಿಯಾದರೂ ಸಿಗುತ್ತದೆ, ಇವರದು ಮುದ್ರಿತ ಪಟ್ಟಿಗಳಲ್ಲಿ ಇರುವುದಿಲ್ಲ.

ದೂರದವರ ನೆರವೂ ಸಿಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ತನ್ನ ಹಳೆಯ ಫೋಟೊಗಳನ್ನು ಫ್ಲಿಕರ್ ಎಂಬ ಫೋಟೊ ಹಂಚಿಕೆಯ ಜಾಲತಾಣದಲ್ಲಿ ತೆರೆದಿಟ್ಟಾಗ ಸಾರ್ವಜನಿಕರು ಎಷ್ಟೋ ಸ್ಥಳ, ಘಟನೆ, ವ್ಯಕ್ತಿಗಳನ್ನು ಗುರುತಿಸಿಕೊಟ್ಟರು. ಅಲ್ಲಿನ ಸಿಬ್ಬಂದಿ ಅವನ್ನು ಪರಿಶೀಲಿಸಿದ ಮೇಲೆ ದಾಖಲೆಗೆ ಸೇರಿಸಿದರು. ಆ ಪರಿಶೀಲನೆಯ ಹೆಜ್ಜೆಯನ್ನು ಬಿಡಬಾರದು.

ಕಾಲವನ್ನು ಹೇಳಲು ಫೋಟೊದ ಒಳಗೇ ಸಾಕ್ಷಿಗಳಿರುತ್ತವೆ. ತೆಳುವಾದ ಕಾಗದ ರಟ್ಟಿಗೆ ಅಂಟಿ, ಬಿಳಿಭಾಗ ಹಳದಿಗೆ ತಿರುಗಿದ್ದರೆ ಅದು ಮೊಟ್ಟೆಯ ಬಿಳಿಲೋಳೆಯಿಂದ ತಯಾರಾದ ಆಲ್ಬುಮೆನ್ ಪ್ರತಿಯಿರಬಹುದು, ಅಂದರೆ ಹತ್ತೊಂಬತ್ತನೆಯ ಶತಮಾನದ್ದು. ಕಪ್ಪುಭಾಗದ ಅಂಚಿನಲ್ಲಿ ಕನ್ನಡಿಯಂಥ ನೀಲಿ ಹೊಳಪಿದ್ದರೆ ಅದು ಜೆಲಟಿನ್ ಬೆಳ್ಳಿಯ ಪ್ರತಿ. ಹಿನ್ನೆಲೆಯ ಕಟ್ಟಡಕ್ಕೆ ಇನ್ನೂ ಎರಡನೆಯ ಮಹಡಿ ಬಂದಿಲ್ಲವೆಂದರೆ ಅದೇ ಒಂದು ಗಡಿ. ಸ್ಟುಡಿಯೊದ ಮೊಹರು, ವಿಳಾಸ, ಪ್ಲೇಟಿನ ಮೂಲೆಯಲ್ಲಿ ಗೀಚಿದ ಸಂಖ್ಯೆ, ಇವನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಖಚಿತವಿಲ್ಲದಿದ್ದರೆ ‘ಸುಮಾರು’ ಎಂದು ಬರೆಯಲು ಸಂಕೋಚ ಬೇಡ, ಒಮ್ಮೆ ಅಚ್ಚಾದ ತಪ್ಪು ದಿನಾಂಕ ಮುಂದಿನ ಎಲ್ಲ ಸ್ಮರಣ ಸಂಚಿಕೆಗಳಲ್ಲಿಯೂ ಬದುಕುತ್ತದೆ.

ಉತ್ತರ 4: ಮೂರು ಪ್ರತಿ

ಸ್ಕ್ಯಾನಿಂಗ್ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲದ ಕಾರಣ ಬರೆಯುತ್ತಿದ್ದೇನೆ. ‘ಹಳೇ ದಫ್ತರ’ ಅವರ ಮಾತಿಗೆ ನನ್ನದೊಂದು ಸಣ್ಣ ತಿದ್ದುಪಡಿಯಿದೆ. ಯಾವುದನ್ನೂ ಎತ್ತಬೇಡಿ ಎಂಬುದು ಸರಿಯಾದರೂ ಕೆಲವು ವಸ್ತುಗಳು ಪಟ್ಟಿ ಮುಗಿಯುವವರೆಗೆ ಕಾಯುವುದಿಲ್ಲ. ವಾಸನೆ ಬಂದಿರುವ ಫಿಲ್ಮ್‌ಗಳು, ಶಾಖಮುದ್ರಣದ ರಸೀದಿ ಮತ್ತು ಫ್ಯಾಕ್ಸ್ ಹಾಳೆಗಳು, ಸ್ಪಿರಿಟ್ ಯಂತ್ರದಲ್ಲಿ ತೆಗೆದ ನೇರಳೆ ಅಕ್ಷರದ ಹಾಳೆಗಳು ಮೊದಲ ವಾರದಲ್ಲಿಯೇ ಸ್ಕ್ಯಾನ್ ಆಗಬೇಕು. ಆ ನೇರಳೆ ಬಣ್ಣ ಬೆಳಕಿಗೆ ಬಲುಬೇಗ ಮಾಸುತ್ತದೆ. ಸೈಕ್ಲೋಸ್ಟೈಲಿನ ಕಪ್ಪು ಶಾಯಿ ಅದಕ್ಕಿಂತ ಗಟ್ಟಿ, ಅಲ್ಲಿ ಸೋಲುವುದು ಕಾಗದ.

ಕಪ್ಪು ಬಿಳುಪಿನ ಫೋಟೊವನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, ಕಲೆ, ಶಾಯಿ, ಹಳದಿಗೆ ತಿರುಗಿದ ಬಗೆ ಎಲ್ಲವೂ ಸಾಕ್ಷಿಯೇ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ಮೂಲ ಕಡತ ಗುಣಮಟ್ಟ ಕುಂದದ ಟಿಫ್ ರೂಪದಲ್ಲಿರಲಿ, ಅದನ್ನು ತಿದ್ದಬಾರದು, ಪ್ರದರ್ಶನಕ್ಕೆ ಗಾತ್ರದಲ್ಲಿ ಚಿಕ್ಕದಾದ ಜೆಪೆಗ್ ಪ್ರತಿ ತೆಗೆದುಕೊಳ್ಳಿ. ಇಂದು ಬಳಕೆಯಲ್ಲಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕಾದ ಮುಖವನ್ನು ‘ಸ್ಪಷ್ಟ’ಗೊಳಿಸುವಾಗ ಇಲ್ಲದ ಕಣ್ಣು, ಮೂಗುಗಳನ್ನು ಊಹಿಸಿ ಬರೆಯುತ್ತವೆ. ಸಭಾಂಗಣದ ಗೋಡೆಯ ಮೇಲೆ ಅಂಥದನ್ನು ಹಾಕಿ ಹಿರಿಯರಿಂದ ಹೆಸರು ಕೇಳಿದರೆ, ಎಂದೂ ಇಲ್ಲದಿದ್ದ ವ್ಯಕ್ತಿಗೆ ನಾಮಕರಣ ಮಾಡಿದಂತಾಗುತ್ತದೆ. ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಗುರುತುಸಂಖ್ಯೆ) ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ರೂಢಿಯನ್ನು ಪಾಲಿಸಿ. ವಿವರಣೆಗೆ ಡಬ್ಲಿನ್ ಕೋರ್ ಎಂಬ ಮಾದರಿ ಪಟ್ಟಿಯ (ಶೀರ್ಷಿಕೆ, ಕರ್ತೃ, ದಿನಾಂಕ ಇತ್ಯಾದಿ) 15 ಅಂಶಗಳು ಸಾಕಾಗುತ್ತವೆ, ಗ್ರಂಥಾಲಯದವರಾದ ನಿಮಗೆ ಅದು ಹೊಸದಾಗಿರಲಾರದು.

ಪ್ರಕಟಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಫೋಟೊದ ಪ್ರತಿ ನಿಮ್ಮ ಕೈಯಲ್ಲಿದೆ ಎಂದಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಿಮ್ಮದಾಗುವುದಿಲ್ಲ, ಅದು ಛಾಯಾಗ್ರಾಹಕರದೋ ಸ್ಟುಡಿಯೊದ್ದೋ ಆಗಿರಬಹುದು. ಎಷ್ಟು ವರ್ಷ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಎರಡನೆಯದಾಗಿ, ಪ್ರವೇಶಪತ್ರ, ಅಂಕಪಟ್ಟಿ, ಶಿಸ್ತುಕ್ರಮದ ಹಾಳೆಗಳಲ್ಲಿರುವವರು ಇನ್ನೂ ಬದುಕಿರಬಹುದು. ಅವನ್ನು ಉಳಿಸಿ, ಆದರೆ ಈಗಲೇ ತೆರೆದಿಡಬೇಡಿ. ಪ್ರದರ್ಶನದಲ್ಲಿ ತೂಗುಹಾಕುವುದು ಪ್ರತಿಗಳನ್ನೇ ಆಗಿರಲಿ, ಮೂಲಗಳು ಕತ್ತಲೆಯ ಪೆಟ್ಟಿಗೆಯಲ್ಲಿರಲಿ.

ಮೂರನೆಯ ಕಪಾಟು (ಪ್ರಶ್ನೆ ಕೇಳಿದವರು)

ಹಳೆಯ ಚರ್ಚೆಗೆ ಮರಳಿದ್ದಕ್ಕೆ ಕ್ಷಮೆಯಿರಲಿ, ಆದರೆ ಇದನ್ನು ಇಲ್ಲಿಯೇ ಹೇಳಬೇಕೆನಿಸಿತು. ಎರಡನೆಯ ಟ್ರಂಕಿನ ರಸೀದಿಗಳನ್ನು ನಿನ್ನೆ ಒಂದೊಂದಾಗಿ ಬಿಡಿಸಿದೆ. ಅವು ಒಂದೇ ಸ್ಟುಡಿಯೊ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣ ಪಾವತಿಯ ರಸೀದಿಗಳು. ಪ್ರತಿಯೊಂದರಲ್ಲಿಯೂ ದಿನಾಂಕ, ಸಮಾರಂಭದ ಹೆಸರು, ಎಡಮೂಲೆಯಲ್ಲಿ ಒಂದು ಸಣ್ಣ ಸಂಖ್ಯೆ ಇವೆ. ಆ ಸಂಖ್ಯೆಗಳು ಗಾಜಿನ ಪ್ಲೇಟುಗಳ ಮೂಲೆಯಲ್ಲಿ ಗೀಚಿರುವ ಸಂಖ್ಯೆಗಳೇ. ಇದುವರೆಗೆ ಹದಿನಾಲ್ಕು ಪ್ಲೇಟುಗಳಿಗೆ ದಿನಾಂಕ ಸಿಕ್ಕಿದೆ. ಕಟ್ಟನ್ನು ಬೇರೆ ಮಾಡಿದ್ದರೆ ಈ ಎರಡನ್ನೂ ಯಾರೂ ಹೋಲಿಸಿ ನೋಡುತ್ತಿರಲಿಲ್ಲ.

ಒಂದು ಅನುಮಾನ ಉಳಿದಿದೆ. ಒಂದು ರಸೀದಿಯಲ್ಲಿ ಹನ್ನೆರಡು ಪ್ಲೇಟುಗಳೆಂದು ಬರೆದಿದೆ, ಪೆಟ್ಟಿಗೆಯಲ್ಲಿ ಹನ್ನೊಂದೇ ಇವೆ, ಹನ್ನೆರಡನೆಯ ಖಾನೆ ಖಾಲಿಯಿದೆ. ಆ ಖಾಲಿ ಖಾನೆಗೂ ಒಂದು ಸಂಖ್ಯೆ ಕೊಟ್ಟು ದಾಖಲಿಸಬೇಕೇ?

ಹಳೇ ದಫ್ತರ

ಖಂಡಿತ ಕೊಡಿ. ‘ರಸೀದಿಯಲ್ಲಿ ಉಲ್ಲೇಖವಿದೆ, ಪ್ಲೇಟು ಸಿಕ್ಕಿಲ್ಲ’ ಎಂದು ಬರೆದು, ರಸೀದಿಯ ಸಂಖ್ಯೆಯನ್ನೂ ಖಾನೆಯ ಸ್ಥಾನವನ್ನೂ ನಮೂದಿಸಿ. ಅದರಿಂದ ತೆಗೆದ ಮುದ್ರಿತ ಪ್ರತಿ ಮೊದಲ ಟ್ರಂಕಿನ ಆಲ್ಬಮ್‌ಗಳಲ್ಲಿದ್ದರೂ ಇರಬಹುದು, ಅದೇ ದಿನಾಂಕದ ಪುಟಗಳನ್ನು ಒಮ್ಮೆ ನೋಡಿ.